ನೀರು ತರಲು ಓಡಿದವಳು

ಆಕೆ: ಅಯ್ಯನವರೇ, ಸಂಡೇ ಸ್ಕೂಲ್ ಹಾಜರಿ ಪುಸ್ತಕ ಕೊಟ್ಟು ಹೋಗೋಣ ಅಂತ ಬಂದೆ. ಆದರೆ ಕೇಳಬೇಕಾದ್ದು ಬೇರೆ ಇದೆ. ದೇವರು ನನಗೆ ಯಾವ ವರವನ್ನೂ ಕೊಟ್ಟಿಲ್ಲವೇನೋ ಅನ್ನಿಸ್ತಿದೆ.

ಅಯ್ಯನವರು: ಹಾಗಂತ ಯಾರಾದರೂ ಅಂದರೇನಮ್ಮ?

ಆಕೆ: ಬಾಯಿಬಿಟ್ಟು ಯಾರೂ ಅನ್ನಲಿಲ್ಲ. ಉಪವಾಸ ಪ್ರಾರ್ಥನೆಗೆ ಹೋಗಿದ್ದೆ. ಕೊನೆಯಲ್ಲಿ ಅಭಿಷೇಕಕ್ಕೆ ಮುಂದೆ ಬನ್ನಿ ಅಂತ ಕರೆದರು. ಸಾಲಾಗಿ ನಿಂತೆವು. ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸುತ್ತಾ ಬಂದರು. ನನ್ನ ಎಡಗಡೆಯವರಿಗೆ ಅನ್ಯಭಾಷೆ ಬಂತು, ಬಲಗಡೆಯವರು ಬಿಕ್ಕಿ ಬಿಕ್ಕಿ ಅತ್ತರು. ನಾನು ಕಣ್ಣು ಮುಚ್ಚಿಕೊಂಡು ನಿಂತೇ ಇದ್ದೆ. ತಡೆದುಕೊಳ್ಳಬೇಡಿ, ಬಾಯಿ ತೆರೆಯಿರಿ ಅಂದರು. ಏನೂ ಬರಲಿಲ್ಲ. ಅವರು ಮುಂದಿನವರ ಹತ್ತಿರ ಹೋದರು. ಹಾಗೆ ದಾಟಿಹೋದದ್ದು ಇದೆಯಲ್ಲ, ಅದು ಮನಸ್ಸಿನಿಂದ ಹೋಗ್ತಿಲ್ಲ.

ಅಯ್ಯನವರು: ಹೋಗುವುದಿಲ್ಲ. ಅಂಥ ಜಾಗದಲ್ಲಿ ಆದ ನೋವು ಬೇಗ ಮಾಯುವುದಿಲ್ಲ. ನಿನ್ನಲ್ಲಿ ಪಾಪ ಇದೆಯೋ, ನಂಬಿಕೆ ಕಡಿಮೆಯಾಯಿತೋ ಅಂತ ನೀನೇ ನಿನ್ನನ್ನು ಹುಡುಕಿಕೊಂಡಿರುತ್ತೀ.

ಆಕೆ: ಹುಡುಕಿಕೊಂಡೆ. ಆಮೇಲೆ ಸ್ನೇಹಿತೆಯೊಬ್ಬಳು ಒಂದು ಪ್ರಶ್ನಾವಳಿ ಕೊಟ್ಟಳು, ನಿಮ್ಮ ಆತ್ಮಿಕ ವರ ಯಾವುದು ಎಂದು ಪತ್ತೆ ಹಚ್ಚುವಂಥದ್ದು. ಪ್ರತಿ ಪ್ರಶ್ನೆಗೂ ಅಂಕ ಕೊಟ್ಟು ಕೊನೆಯಲ್ಲಿ ಕೂಡಿ ನೋಡಬೇಕು. ಕೂಡಿದೆ. ಪರಸಹಾಯ ಅಂತ ಬಂತು. ಅದನ್ನು ನೋಡಿ ಇನ್ನೂ ಬೇಜಾರಾಯಿತು.

ಅಯ್ಯನವರು: ಯಾಕೆ?

ಆಕೆ: ಯಾಕೆ ಅಂತ ಕೇಳ್ತೀರಾ? ಪಾತ್ರೆ ತೊಳೆಯೋದು, ಕುರ್ಚಿ ಹಾಕೋದು, ಬೆಳೆ ಹಬ್ಬದಲ್ಲಿ ಅನ್ನ ಬಡಿಸೋದು. ಅದನ್ನು ವರ ಅಂತ ಯಾರಾದರೂ ಸಾಕ್ಷಿ ಹೇಳಿದ್ದುಂಟಾ?

ಅಯ್ಯನವರು: ಪೌಲನು ಹೇಳಿದ್ದಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆ, 12ನೇ ಅಧ್ಯಾಯದ ಕೊನೆಯ ಭಾಗ. ಅಪೊಸ್ತಲರು, ಪ್ರವಾದಿಗಳು, ಬೋಧಕರು ಅಂತ ಶುರುಮಾಡಿ, ಮಹತ್ಕಾರ್ಯ, ರೋಗ ವಾಸಿಮಾಡುವ ವರ ಅಂತ ಮುಂದುವರಿಸಿ, ಅದೇ ಉಸಿರಿನಲ್ಲಿ ಪರಸಹಾಯವನ್ನೂ ಕಾರ್ಯನಿರ್ವಹಣೆಯನ್ನೂ ಸೇರಿಸುತ್ತಾನೆ. ವಿವಿಧ ವಾಣಿಗಳನ್ನಾಡುವುದು, ಅಂದರೆ ನೀನು ಹೇಳಿದ ಅನ್ಯಭಾಷೆ, ಆ ಪಟ್ಟಿಯ ತುದಿಯಲ್ಲಿದೆ. ರೋಮಾಪುರದವರಿಗೆ ಬರೆದಾಗಲಂತೂ ಕೊಡುಗೈಯನ್ನೂ ಮರುಕವನ್ನೂ ಪ್ರವಾದನೆಯ ಜೊತೆಯಲ್ಲೇ ಇಡುತ್ತಾನೆ. ಅಲ್ಲಿ ಅನ್ಯಭಾಷೆಯ ಪ್ರಸ್ತಾಪವೇ ಇಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ ಪಟ್ಟಿ ಇನ್ನೊಂದು ಥರ. ಒಂದರ ಹಾಗೆ ಇನ್ನೊಂದಿಲ್ಲ. ಇವಿಷ್ಟೇ ವರಗಳು ಎಂದು ಯಾರೂ ಲೆಕ್ಕ ಮುಗಿಸಿಲ್ಲ. ಹಾಗಿರುವಾಗ ಅಂಕ ಕೂಡಿ ವರ ಹುಡುಕುವ ಪ್ರಶ್ನಾವಳಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನೀನು ಏನನ್ನು ಇಷ್ಟಪಡುತ್ತೀ ಎಂಬುದನ್ನು ಅದು ಹೇಳೀತು. ನಿನ್ನ ಪಕ್ಕದಲ್ಲಿ ಕೂತವರಿಗೆ ಏನು ಬೇಕಾಗಿದೆ ಎಂಬುದು ಆ ಕಾಗದಕ್ಕೆ ಹೇಗೆ ಗೊತ್ತಾಗಬೇಕು?

ಆಕೆ: 12ನೇ ಅಧ್ಯಾಯ ನಾನೂ ಓದಿದ್ದೇನೆ, ಅಯ್ಯನವರೇ. ಓದಿದಾಗಲೆಲ್ಲ ಸಮಾಧಾನ ಹೇಳಿದ ಹಾಗಿರುತ್ತದೆ. ದೇಹಕ್ಕೆ ಕಾಲೂ ಬೇಕು, ಕಿವಿಯೂ ಬೇಕು ಅಂತ. ಸಮಾಧಾನದ ಮಾತು ಕೇಳಿದ ಮೇಲೂ ಕಾಲು ಕಾಲೇ.

ಅಯ್ಯನವರು: ಒಂದು ಅಧ್ಯಾಯ ಹಿಂದಕ್ಕೆ ಹೋಗು. 12ನ್ನು ಮಾತ್ರ ಬಿಡಿಸಿ ಓದಿದರೆ ಅದು ಸಮಾಧಾನದ ಮಾತಾಗಿ ಕಾಣುತ್ತದೆ. 11ರಲ್ಲಿ ಪೌಲನು ಕೋಪದಲ್ಲಿದ್ದಾನೆ. ಯಾತರ ಬಗ್ಗೆ?

ಆಕೆ: ಕರ್ತನ ಭೋಜನ. ಒಬ್ಬರು ಹಸಿದಿರುತ್ತಾರೆ, ಇನ್ನೊಬ್ಬರು ಕುಡಿದು ಅಮಲೇರಿರುತ್ತಾರೆ ಅಂತ.

ಅಯ್ಯನವರು: ಆ ಊರು ಎಂಥದ್ದು ಅಂತ ನೋಡು. ಹಳೆಯ ಕೊರಿಂಥವನ್ನು ಕ್ರಿಸ್ತಪೂರ್ವ 146ರಲ್ಲಿ ರೋಮನ್ನರು ಕೆಡವಿ ಹಾಳುಗೆಡವಿದರು. ನೂರು ವರ್ಷ ಕಳೆದ ಮೇಲೆ, ಕ್ರಿಸ್ತಪೂರ್ವ 44ರಲ್ಲಿ, ಜೂಲಿಯಸ್ ಸೀಸರ್ ಅಲ್ಲಿ ಹೊಸ ಊರು ಕಟ್ಟಿಸಲು ಶುರುಮಾಡಿದ. ದಾಸತ್ವದಿಂದ ಬಿಡುಗಡೆ ಪಡೆದವರು ಎಷ್ಟೋ ಜನ ಬಂದು ನೆಲೆಸಿದರು. ಆಚೆಗೊಂದು ಬಂದರು, ಈಚೆಗೊಂದು ಬಂದರು. ವ್ಯಾಪಾರದಿಂದ ದುಡ್ಡು ಬಂತು. ವಂಶದ ಹೆಸರಿಲ್ಲದವರು ಹೆಸರು ಮಾಡಿಕೊಳ್ಳಲು ಓಡುವ ಊರು. ಅಲ್ಲಿ ಯಾರು ಹೇಗೆ ಮಾತಾಡುತ್ತಾರೆ, ಯಾರ ಮನೆಯಲ್ಲಿ ಊಟಕ್ಕೆ ಕೂರುತ್ತಾರೆ, ಇದೇ ಎಲ್ಲರ ಅಳತೆಗೋಲು. ಸಭೆ ಕೂಡುತ್ತಿದ್ದದ್ದು ಅನುಕೂಲಸ್ಥರ ಮನೆಗಳಲ್ಲಿ. ದುಡಿಯುವ ಅಗತ್ಯವಿಲ್ಲದವರು ಬೇಗ ಬಂದು ಉಂಡು ಮುಗಿಸುತ್ತಿದ್ದರು. ಕೂಲಿಯವರು, ದಾಸರು ಕೆಲಸ ಮುಗಿಸಿ ಬರುವ ಹೊತ್ತಿಗೆ ರೊಟ್ಟಿ ಖಾಲಿ. ಹಾಗೆ ಹಸಿದ ಹೊಟ್ಟೆಯಲ್ಲಿ ಕೂತವರ ಮುಂದೆಯೇ ನನಗೆ ವಾಣಿ ಬಂತು, ನನಗೆ ಪ್ರವಾದನೆ ಬಂತು ಎಂದು ಮೇಲಾಟ ನಡೆಯುತ್ತಿತ್ತು. ಪೌಲನಿಗೆ ಇವೆರಡೂ ಒಂದೇ ರೋಗವಾಗಿ ಕಂಡಿರಬೇಕು. ಇಲ್ಲವಾದರೆ ಊಟದ ವಿಷಯ ಮುಗಿಸಿದ ಕೂಡಲೇ ವರಗಳ ವಿಷಯಕ್ಕೆ ಯಾಕೆ ಬರುತ್ತಿದ್ದ?

ಆಕೆ: ಊಟ ಮತ್ತು ವರ ಒಂದೇ ವಿಷಯ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಅಯ್ಯನವರು: ಕಾಲು, ಕಿವಿ ಎಂದೆಯಲ್ಲ. ದೇಹದ ಆ ಹೋಲಿಕೆ ಪೌಲನ ಸ್ವಂತದ್ದಲ್ಲ. ರೋಮಿನಲ್ಲಿ ಹಳೆಯ ಕಥೆಯೊಂದಿತ್ತು, ಲಿವಿ ಎಂಬ ಇತಿಹಾಸಕಾರ ಬರೆದಿಟ್ಟಿದ್ದಾನೆ. ಬಡ ಪ್ರಜೆಗಳು ಮುನಿದು ಊರು ಬಿಟ್ಟು ಹೊರಟಾಗ ಮೆನೇನಿಯಸ್ ಅಗ್ರಿಪ್ಪ ಎಂಬವನು ಹೋಗಿ ಕಥೆ ಹೇಳಿದನಂತೆ. ಕೈ, ಬಾಯಿ, ಹಲ್ಲು ಎಲ್ಲ ಸೇರಿ ಹೊಟ್ಟೆಯ ಮೇಲೆ ಮುನಿಸಿಕೊಂಡವು, ಕೊನೆಗೆ ತಾವೇ ಸೊರಗಿದವು ಅಂತ. ಆ ಕಥೆಯ ಗುರಿ ಏನು? ದುಡಿಯುವವರು ದುಡಿಯುತ್ತಿರಲಿ, ಉಣ್ಣುವವರು ಉಣ್ಣುತ್ತಿರಲಿ. ಪೌಲನು ಅದೇ ದೇಹವನ್ನು ಎತ್ತಿಕೊಂಡು ತಲೆಕೆಳಗು ಮಾಡಿದ. ಬಲಹೀನವಾಗಿ ಕಾಣುವ ಅಂಗ ಇಲ್ಲದಿದ್ದರೆ ನಡೆಯುವುದೇ ಇಲ್ಲ, ಕೊರತೆಯಿರುವ ಅಂಗಕ್ಕೇ ದೇವರು ಹೆಚ್ಚಿನ ಮಾನ ಕೊಟ್ಟಿದ್ದಾನೆ ಎಂದ. ಅದನ್ನು ಕೇಳುತ್ತಾ ಕೂತ ಮನೆಯೊಡೆಯನ ಮುಖ ಹೇಗಾಗಿದ್ದಿರಬೇಕು! ಇದು ಕಾಲಿಗೆ ಹೇಳಿದ ಸಮಾಧಾನವಲ್ಲಮ್ಮ. ತಲೆಗೆ ಕೊಟ್ಟ ಎಚ್ಚರಿಕೆ.

ಆಕೆ: ತಲೆಗಳು ಅದನ್ನು ಹಾಗೆ ಓದೋದಿಲ್ಲವಲ್ಲ, ಅಯ್ಯನವರೇ! ಇಲ್ಲೇ ನನ್ನ ನಿಜವಾದ ತಕರಾರು ಇರೋದು. ಸೇವೆಯೇ ದೊಡ್ಡದು ಅಂತ ವೇದಿಕೆಯ ಮೇಲಿಂದ ಹೇಳ್ತಾರೆ. ಹೇಳಿ ಮುಗಿಸಿ ಊಟಕ್ಕೆ ಕೂರ್ತಾರೆ. ಬಡಿಸೋದು ನಾವು. ನಿಮಗೆ ಸೇವೆಯ ವರ ಇದೆ ಅಂತ ಹೊಗಳಿದರೆ, ನೀವು ಅಲ್ಲೇ ಇರಿ ಅಂದ ಹಾಗೆ ಕೇಳಿಸುತ್ತೆ. ಮಹಿಳಾ ಕೂಟದವರು ವರ್ಷಪೂರ್ತಿ ಕಾಣಿಕೆ ಕೂಡಿಸ್ತಾರೆ, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅನ್ನೋದನ್ನು ಕಮಿಟಿಯ ಗಂಡಸರು ಕೂತು ತೀರ್ಮಾನಿಸ್ತಾರೆ. ಇದಕ್ಕೂ ಆತ್ಮನ ವರ ಅಂತ ಹೆಸರಿಡಬೇಕಾ?

ಅಯ್ಯನವರು: ಬೇಡ.

ಆಕೆ: ಅಪೊಸ್ತಲರೇ ಹಾಗೆ ಮಾಡಿದರಲ್ಲ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ನಾವು ದೇವರ ವಾಕ್ಯ ಬಿಟ್ಟು ಊಟದ ಏರ್ಪಾಡು ನೋಡ್ತಾ ಕೂರೋದು ತಕ್ಕದ್ದಲ್ಲ ಅಂತ ಬೇರೆಯವರನ್ನು ನೇಮಿಸಿದರು. ಬೋಧನೆ ಮೇಲೆ, ಬಡಿಸೋದು ಕೆಳಗೆ ಅಂತ ಅಲ್ಲಿಂದಲೇ ಶುರುವಾಯಿತಲ್ಲ?

ಅಯ್ಯನವರು: ಕಥೆಯನ್ನು ಅಲ್ಲಿಗೇ ನಿಲ್ಲಿಸಬೇಡ. ತಕರಾರು ಎಲ್ಲಿಂದ ಬಂತು ನೋಡು. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವ ಯೆಹೂದ್ಯರ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿರಲಿಲ್ಲ. ಭಾಷೆ ಬೇರೆಯಾದ್ದರಿಂದ ಕಡೆಗಣಿಸಿದ್ದರು. ಆಗ ಆರಿಸಿದ ಏಳು ಜನರ ಹೆಸರು ಓದಿದ್ದೀಯಾ? ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ... ಏಳೂ ಗ್ರೀಕ್ ಹೆಸರುಗಳು. ಅಂದರೆ ಅನ್ಯಾಯವಾಗಿದೆ ಎಂದು ದೂರಿದವರ ಕಡೆಯವರ ಕೈಗೇ ಉಗ್ರಾಣದ ಬೀಗದಕೈ ಹೋಯಿತು ಅಂತ ನನ್ನ ಎಣಿಕೆ. ಬಡಿಸುವ ಕೆಲಸ ಮಾತ್ರ ಹೋಗಲಿಲ್ಲ, ಹಂಚುವ ಅಧಿಕಾರವೂ ಹೋಯಿತು. ಆಮೇಲೆ ಏನಾಯಿತು? ಊಟದ ಪಂಕ್ತಿಗೆ ನೇಮಕವಾದ ಸ್ತೆಫನನ ಬಾಯಲ್ಲಿ ಆ ಪುಸ್ತಕದ ಅತಿ ಉದ್ದದ ಪ್ರಸಂಗ ಬರುತ್ತದೆ. ಕ್ರಿಸ್ತನಿಗಾಗಿ ಮೊದಲು ಪ್ರಾಣ ಕೊಟ್ಟವನೂ ಅವನೇ. ಫಿಲಿಪ್ಪ ಸಮಾರ್ಯಕ್ಕೆ ಸುವಾರ್ತೆ ಒಯ್ದ, ಇಥಿಯೋಪ್ಯದ ಅಧಿಕಾರಿಗೆ ದೀಕ್ಷಾಸ್ನಾನ ಕೊಟ್ಟ. ಅವನ ನಾಲ್ವರು ಹೆಣ್ಣುಮಕ್ಕಳೂ ಪ್ರವಾದಿಸುತ್ತಿದ್ದರು. ಅಪೊಸ್ತಲರು ಎಳೆದ ಗೆರೆಯನ್ನು ಪವಿತ್ರಾತ್ಮನು ಒಂದೇ ಅಧ್ಯಾಯದಲ್ಲಿ ದಾಟಿಬಿಟ್ಟ.

ಆಕೆ: ಹೆಣ್ಣುಮಕ್ಕಳು ಪ್ರವಾದಿಸಿದರು ಅಂತೀರಿ. ಅದೇ ಕೊರಿಂಥದ ಪತ್ರಿಕೆಯ 14ರಲ್ಲಿ ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕು ಅಂತಲೂ ಇದೆ. ನಮ್ಮ ಹಿರಿಯರೊಬ್ಬರಿಗೆ ಬಾಯಿಪಾಠ ಇರೋದು ಅದೊಂದೇ ವಾಕ್ಯ.

ಅಯ್ಯನವರು: ಅವರಿಗೆ 11ರ 5ನೇ ವಾಕ್ಯವನ್ನೂ ತೋರಿಸು. ಪ್ರಾರ್ಥಿಸುವ, ಪ್ರವಾದಿಸುವ ಸ್ತ್ರೀ ತಲೆಯ ಮೇಲೆ ಮುಸುಕು ಹಾಕಿಕೊಳ್ಳಬೇಕು ಅಂತ ಅಲ್ಲಿದೆ. ಮಾತೇ ಆಡಬಾರದಿದ್ದರೆ ಮುಸುಕಿನ ನಿಯಮ ಯಾಕೆ ಬೇಕಿತ್ತು? ಮೌನದ ಆ ಎರಡು ವಾಕ್ಯಗಳು ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಬೇರೆ ಜಾಗದಲ್ಲಿ, ಅಧ್ಯಾಯದ ಕೊನೆಯಲ್ಲಿ ಬರುತ್ತವೆ. ಅಂಚಿನಲ್ಲಿ ಬರೆದಿದ್ದು ಆಮೇಲೆ ಒಳಗೆ ಸೇರಿರಬಹುದು ಎನ್ನುವ ಪಂಡಿತರಿದ್ದಾರೆ, ಒಪ್ಪದವರೂ ಇದ್ದಾರೆ. ಆ ಚರ್ಚೆ ಹೇಗೇ ಮುಗಿಯಲಿ, ಕೆಂಖ್ರೆಯ ಫೊಯಿಬೆಯನ್ನು ಸಭೆಯ ಸೇವಕಿ ಎಂದು ಕರೆದು ರೋಮಿನವರಿಗೆ ಪರಿಚಯಿಸಿದವನು ಇದೇ ಪೌಲ. ಕೆಂಖ್ರೆ ಎಂದರೆ ಕೊರಿಂಥದ ಬಂದರೇ. ನಮ್ಮ ದಕ್ಷಿಣ ಭಾರತ ಸಭೆ 1947ರಲ್ಲಿ ಹುಟ್ಟಿತು, ನಂದ್ಯಾಲದಲ್ಲಿ ಪುಷ್ಪ ಲಲಿತಾ ಅವರು ಬಿಷಪ್ ಆದದ್ದು 2013ರಲ್ಲಿ. ಅಷ್ಟು ವರ್ಷ ಬೇಕಾಯಿತು. ವರ ಕೊಡುವುದರಲ್ಲಿ ದೇವರು ತಡ ಮಾಡಿದ್ದಲ್ಲ, ಗುರುತಿಸುವುದರಲ್ಲಿ ನಾವು ತಡ ಮಾಡಿದೆವು.

ಆಕೆ: ಹಾಗಾದರೆ ಅನ್ಯಭಾಷೆ, ಅಭಿಷೇಕ, ಅದೆಲ್ಲ? ನಿಮಗೆ ಅದರಲ್ಲಿ ನಂಬಿಕೆಯಿಲ್ಲ ಅಂತ ನನ್ನ ಸ್ನೇಹಿತೆಯರು ಹೇಳ್ತಾರೆ. ಹಳೇ ಮಿಷನ್ ಸಭೆಯವರು ಆತ್ಮನನ್ನು ಆರಾಧನಾ ಪುಸ್ತಕದೊಳಗೆ ಮಡಚಿಟ್ಟಿದ್ದಾರೆ ಅಂತ.

ಅಯ್ಯನವರು: ಅವರು ಹೇಳುವುದರಲ್ಲಿ ಹುರುಳಿದೆ. ನಮ್ಮ ಎಷ್ಟೋ ಸಭೆಗಳು ತಣ್ಣಗಾಗಿವೆ, ಜನ ಬೆಚ್ಚಗಿರುವ ಕಡೆ ಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ವಾಣಿಗಳನ್ನಾಡುವುದನ್ನು ಪೌಲನೂ ನಿಷೇಧಿಸಲಿಲ್ಲ. ತಾನು ಎಲ್ಲರಿಗಿಂತ ಹೆಚ್ಚು ಆಡುತ್ತೇನೆ ಎಂದೇ ಹೇಳಿಕೊಂಡ. ಆದರೆ ಸಭೆ ಕೂಡಿದಾಗ ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳುವವರು ಇಲ್ಲದಿದ್ದರೆ ಸುಮ್ಮನಿರಬೇಕು. ಹೊರಗಿನವನೊಬ್ಬ ಬಂದು ಕೂತರೆ ಅವನಿಗೆ ಏನು ತಿಳಿಯುತ್ತದೆ, ಅದೇ ಪೌಲನ ಚಿಂತೆ. ನಿನ್ನನ್ನು ದಾಟಿಹೋದರಲ್ಲ, ಆ ಸಾಲಿನಲ್ಲಿ ಪೌಲ ಇದ್ದಿದ್ದರೆ ನಿನ್ನ ಮುಂದೆಯೇ ನಿಲ್ಲುತ್ತಿದ್ದ. ಆದರೆ ಬೆಂಕಿಯೂ ಬೇಕು, ಒಲೆಯೂ ಬೇಕು. ಎರಡೂ ಒಂದೇ ಅಂಗಳದಲ್ಲಿದ್ದ ಜಾಗವೊಂದಿದೆ. ಪಂಡಿತಾ ರಮಾಬಾಯಿ ಯಾರು ಗೊತ್ತಲ್ಲ?

ಆಕೆ: ಪುಣೆಯ ಹತ್ತಿರ ಆಶ್ರಮ ಕಟ್ಟಿದವರು. ವಿಧವೆಯರಿಗೆ.

ಅಯ್ಯನವರು: ಹುಟ್ಟಿದ್ದು ನಮ್ಮ ನೆಲದಲ್ಲಿ. 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದು ತಪ್ಪೆಂದು ಜನ ಕಾಡಿದ್ದಕ್ಕೆ ಕಾಡಿನಲ್ಲಿ ಹೋಗಿ ಮನೆ ಮಾಡಿದ ಮನುಷ್ಯ. ಮಗಳು ತಾಯಿಯ ಬಾಯಿಂದ ಸಂಸ್ಕೃತ ಕಲಿತಳು. ಊರೂರು ಅಲೆಯುವಾಗ 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡಳು. ಕಲ್ಕತ್ತೆಯ ವಿದ್ವಾಂಸರು ಪಂಡಿತೆ, ಸರಸ್ವತಿ ಎಂದು ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ. ಇದಿಷ್ಟು ಎಲ್ಲರೂ ಹೇಳುವ ಕಥೆ. 1896ರ ಹೊತ್ತಿಗೆ ಮಧ್ಯಪ್ರಾಂತ್ಯದಲ್ಲಿ ಕ್ಷಾಮ ಬಿತ್ತು. ತನ್ನವರನ್ನು ಹಸಿವೆಯಲ್ಲಿ ಕಳೆದುಕೊಂಡ ಆ ಹೆಂಗಸು ಹೊರಟು, ಹಾದಿಬದಿಯ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದು ಕೆಡಗಾಂವಿನ ಹೊಲದಲ್ಲಿ ಇರಿಸಿದರು. ಅದೇ ಮುಕ್ತಿ ಆಶ್ರಮ.

ಆಕೆ: ಅಲ್ಲಿ ಉಜ್ಜೀವನ ಆಯಿತು ಅಂತ ಕೂಟಗಳಲ್ಲಿ ಹೇಳೋದನ್ನು ಕೇಳಿದ್ದೇನೆ.

ಅಯ್ಯನವರು: ಉಜ್ಜೀವನಕ್ಕೆ ಮುಂಚೆ ಏನಿತ್ತು ಎಂಬುದನ್ನು ಕೂಟಗಳಲ್ಲಿ ಹೇಳುವುದಿಲ್ಲ. ಮಗ್ಗವಿತ್ತು, ಎಣ್ಣೆಗಾಣವಿತ್ತು, ಹೈನು, ಹೊಲ, ತರಕಾರಿ ತೋಟ, ಮುದ್ರಣಾಲಯ ಇದ್ದವು. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವವರೂ ಹೆಂಗಸರೇ. ಕುರುಡು ಹುಡುಗಿಯರಿಗೆ ಬೆರಳಿನಿಂದ ಓದುವ ಬ್ರೈಲ್ ಕಲಿಸುತ್ತಿದ್ದರು. 1905ರ ಆರಂಭದಲ್ಲಿ ರಮಾಬಾಯಿ ಪ್ರಾರ್ಥನೆಗೆ ಜನ ಕೂಡಿಸಿದರು. ಮೊದಲು ಎಪ್ಪತ್ತು ಜನ, ಆಮೇಲೆ ನೂರಾರು. ಜೂನ್ ಕೊನೆಯಲ್ಲಿ ಒಂದು ರಾತ್ರಿ, ಬೆಳಗಿನ ಜಾವದ ಹೊತ್ತಿಗೆ, ಹುಡುಗಿಯರ ಕೋಣೆಯಲ್ಲಿ ಒಬ್ಬಳ ಮೇಲೆ ಬೆಂಕಿಯಿಳಿದ ಹಾಗೆ ಆಯಿತು. ಅಲ್ಲೇ ಕೆಲಸ ಮಾಡುತ್ತಿದ್ದ ಮಿನ್ನಿ ಏಬ್ರಮ್ಸ್ ಎಂಬ ಅಮೆರಿಕನ್ ಮಿಷನರಿ ಬರೆದಿಟ್ಟಿದ್ದಾರೆ. ಅದೇ ಕೋಣೆಯ ಇನ್ನೊಬ್ಬಳಿಗೆ ಆ ಬೆಂಕಿ ಕಣ್ಣಿಗೇ ಕಂಡಿತಂತೆ. ಅವಳು ಓಡಿಹೋಗಿ ಒಂದು ಬಕೆಟ್ ನೀರು ತಂದಳು. ಸುರಿಯಬೇಕು ಅನ್ನುವಷ್ಟರಲ್ಲಿ, ಇವಳು ಸುಡುತ್ತಿಲ್ಲ ಅಂತ ಗೊತ್ತಾಯಿತು.

ಆಕೆ: ನೀರು ತಂದಳಾ?

ಅಯ್ಯನವರು: ತಂದಳು. ಆಮೇಲೆ ಆ ಉಜ್ಜೀವನ ಹರಡಿತು. ಹುಡುಗಿಯರು ತಮ್ಮ ಪಾಪಗಳನ್ನು ಅರಿಕೆ ಮಾಡಿಕೊಂಡು ಗೋಳಾಡಿದರು, ಹಾಡಿದರು, ಮುಂದೆ ಕೆಲವರಿಗೆ ಅನ್ಯಭಾಷೆಯೂ ಬಂತು. ಲಾಸ್ ಏಂಜಲೀಸಿನ ಅಜೂಸಾ ಬೀದಿಯ ಉಜ್ಜೀವನ ಶುರುವಾದದ್ದು 1906ರ ಏಪ್ರಿಲಿನಲ್ಲಿ, ಪೆಂತೆಕೋಸ್ತ್ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ ಎನ್ನುತ್ತಾರೆ. ಮುಕ್ತಿ ಅದಕ್ಕೂ ಮುಂಚೆ. ಏಬ್ರಮ್ಸ್ ಬರೆದ ಪುಸ್ತಿಕೆ ಚಿಲಿ ದೇಶದ ವಾಲ್ಪರೈಸೊದಲ್ಲಿದ್ದ ಗೆಳತಿಯ ಕೈ ಸೇರಿ, 1909ರಲ್ಲಿ ಅಲ್ಲೂ ಉಜ್ಜೀವನವಾಯಿತು. ಕ್ಷಾಮದ ಹುಡುಗಿಯರ ಕೋಣೆಯಿಂದ ಹೊರಟದ್ದು ಅಷ್ಟು ದೂರ ಹೋಯಿತು.

ಆಕೆ: ನಾನು ಆ ನೀರು ತಂದವಳ ಬಗ್ಗೆಯೇ ಯೋಚಿಸ್ತಿದ್ದೇನೆ, ಅಯ್ಯನವರೇ. ಅವಳಿಗೆ ಆ ರಾತ್ರಿ ಬೆಂಕಿ ಬೀಳಲಿಲ್ಲ. ಬಿದ್ದದ್ದು ಪಕ್ಕದವಳ ಮೇಲೆ. ಆದರೆ ಬೆಂಕಿ ಕಂಡಾಗ ಅವಳು ನನಗ್ಯಾಕೆ ಬರಲಿಲ್ಲ ಅಂತ ಕೂರಲಿಲ್ಲ. ಇವಳು ಸುಟ್ಟುಹೋಗ್ತಾಳೆ ಅಂತ ಓಡಿದಳು.

ಅಯ್ಯನವರು: ಹೇಳು, ಹೇಳು.

ಆಕೆ: ಅವಳದ್ದು ಯಾವ ವರ? ಕಂಡದ್ದಾ, ಓಡಿದ್ದಾ? ಬೆಂಕಿ ಬಿದ್ದವಳಿಗೇ ತನ್ನ ಮೇಲೆ ಬಿದ್ದದ್ದು ಹೊರಗಿನಿಂದ ಕಾಣ್ತಿರಲಿಲ್ಲವೇನೋ. ನೀರು ತಂದವಳು ಎಚ್ಚರವಾಗಿರದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ.

ಅಯ್ಯನವರು: ನಾನು ಎಷ್ಟೋ ಸಲ ಈ ಕಥೆಯನ್ನು ಪ್ರಸಂಗದಲ್ಲಿ ಹೇಳಿದ್ದೇನಮ್ಮ, ಅವಳನ್ನು ಹೀಗೆ ನೋಡಿರಲಿಲ್ಲ. ಮುಕ್ತಿಯಲ್ಲಿ ಇನ್ನೊಂದು ವಿಷಯವಿತ್ತು, ನಿನಗೆ ಬೇಕಾದದ್ದು. ಅನ್ಯಭಾಷೆ ಬಂದವರಿಗೆ ಮಾತ್ರ ಆತ್ಮಾಭಿಷೇಕವಾಗಿದೆ ಎಂಬ ಅಳತೆಯನ್ನು ರಮಾಬಾಯಿ ಇಡಲಿಲ್ಲ. ಬಂದವರನ್ನು ತಡೆಯಲೂ ಇಲ್ಲ, ಟೀಕಿಸಿದವರ ಎದುರು ಅವರ ಪರ ನಿಂತರು. ರಮಾಬಾಯಿಯವರದ್ದೇ ಕೆಲಸ ಬೇರೆಯಿತ್ತು. ಓದು ಹೆಚ್ಚು ಬಾರದ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ಮೂಲದಿಂದ ಅನುವಾದಿಸುವುದು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಹತ್ತಾರು ವರ್ಷ ಕೂತರು. ಕಲಬುರಗಿಯಲ್ಲಿ ಶಾಲೆ ತೆರೆದಾಗ ಮಗಳು ಮನೋರಮೆ ಅದನ್ನು ನೋಡಿಕೊಂಡರು. 1921ರಲ್ಲಿ ಆ ಮಗಳೂ ತೀರಿಕೊಂಡಳು. ತಾಯಿ ಅನುವಾದ ಮುಗಿಸಿ 1922ರ ಏಪ್ರಿಲಿನಲ್ಲಿ ಕಣ್ಣು ಮುಚ್ಚಿದರು. ಬೆಂಕಿ ಬಿದ್ದ ರಾತ್ರಿಗಳೂ ಶಬ್ದಕೋಶ ತಿರುವಿದ ಹಗಲುಗಳೂ ಆತ್ಮನದೇ ಅಲ್ಲವೇ? ಗಾಣ ತಿರುಗಿಸಿದವಳು, ಮೊಳೆ ಜೋಡಿಸಿದವಳು, ಹಳ್ಳಿಗೆ ಹೋಗಿ ಸುವಾರ್ತೆ ಹೇಳಿದವಳು ಒಬ್ಬಳೇ ಆಗಿರಬಹುದಿತ್ತು. ಅಲ್ಲಿ ಬಡಿಸುವವರು ಬೇರೆ, ಬೋಧಿಸುವವರು ಬೇರೆ ಅಂತ ಇರಲಿಲ್ಲ.

ಆಕೆ: ಹೆಂಗಸರೇ ಇದ್ದ ಜಾಗ ಅಲ್ಲವೇ, ಅದಕ್ಕೇ.

ಅಯ್ಯನವರು: ಇರಬಹುದು. ಅದನ್ನು ನಾನು ಅಲ್ಲಗಳೆಯಲಾರೆ.

ಆಕೆ: ಸ್ವಸ್ಥತೆಯ ವರ ಅಂತಾರಲ್ಲ, ಅದರ ಬಗ್ಗೆ ಏನು ಹೇಳ್ತೀರಿ? ಕೂಟದಲ್ಲಿ ಊರುಗೋಲು ಎಸೆದವರನ್ನು ಕರೆದು ನಿಲ್ಲಿಸ್ತಾರೆ. ವಾಸಿಯಾಗದವರು ಹಾಗೇ ಬಸ್ಸು ಹತ್ತಿ ಮನೆಗೆ ಹೋಗ್ತಾರೆ.

ಅಯ್ಯನವರು: ಪ್ರಾರ್ಥನೆಯಿಂದ ವಾಸಿಯಾಗುವುದನ್ನು ನಾನು ನಂಬುತ್ತೇನೆ. ಆಸ್ಪತ್ರೆಯ ಹಾಸಿಗೆಯ ಪಕ್ಕ ಎಷ್ಟೋ ರಾತ್ರಿ ಮೊಣಕಾಲೂರಿದ್ದೇನೆ. ಆದರೆ ವಾಸಿಯಾಗದವರು ಬಸ್ಸು ಹತ್ತಿದರು ಎಂದೆಯಲ್ಲ, ಅವರ ಜೊತೆ ಬಸ್ಸು ಹತ್ತುವವರು ಯಾರು? ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆ ಗೊತ್ತಲ್ಲ. ಅಗಸ್ಟಸ್ ಮುಲ್ಲರ್ ಜೆಸ್ವಿತ್ ಪಾದ್ರಿ. ಬಂದದ್ದು ಕಾಲೇಜಿನಲ್ಲಿ ಪಾಠ ಹೇಳಲು. ಹೋಮಿಯೋಪಥಿ ಸ್ವಲ್ಪ ಗೊತ್ತಿತ್ತು. 1880ರಲ್ಲಿ ಕಂಕನಾಡಿಯಲ್ಲಿ ಕಾಯಿಲೆಯವರಿಗೆ ಗುಳಿಗೆ ಕೊಡಲು ಶುರುಮಾಡಿದರು. ಕುಷ್ಠರೋಗಿಗಳು ಬಂದರು. ಯಾರೂ ಹತ್ತಿರ ಸೇರಿಸದವರು. 1890ರಲ್ಲಿ ಅವರಿಗಾಗಿ ಆಶ್ರಯ ಕಟ್ಟಿದರು. ಅಂದಿನ ದಿನಗಳಲ್ಲಿ ಕುಷ್ಠಕ್ಕೆ ಪೂರ್ತಿ ವಾಸಿಮಾಡುವ ಔಷಧಿಯೇ ಇರಲಿಲ್ಲ. ವಾಸಿಮಾಡಲಾಗದ ರೋಗಿಯನ್ನು ಇಟ್ಟುಕೊಳ್ಳುವುದು, ಹುಣ್ಣು ತೊಳೆಯುವುದು, ಹೆಸರು ಹಿಡಿದು ಕರೆಯುವುದು, ಇದೂ ಸ್ವಸ್ಥತೆಯ ವರದಲ್ಲಿ ಸೇರುತ್ತದೆ ಎಂದೇ ನನ್ನ ನಂಬಿಕೆ. ನನ್ನ ವರ ಯಾವುದು ಎಂದು ಮುಲ್ಲರ್ ಕೋಣೆಯಲ್ಲಿ ಕೂತು ಹುಡುಕಿದ್ದರೆ ಪಾಠ ಹೇಳುವುದು ಅಂತಲೇ ಸಿಗುತ್ತಿತ್ತು. ಬಾಗಿಲಿಗೆ ಬಂದವರು ಅವರಿಂದ ಬೇರೆಯದನ್ನು ಹೊರತೆಗೆದರು.

ಆಕೆ: ಅಂದರೆ, ನಮ್ಮೊಳಗೆ ಹುಡುಕಬೇಡ, ಬಾಗಿಲ ಹತ್ತಿರ ನೋಡು ಅಂತೀರಿ.

ಅಯ್ಯನವರು: ಪೇತ್ರನು ತನ್ನ ಪತ್ರಿಕೆಯಲ್ಲಿ ನಮ್ಮನ್ನು ಮನೆವಾರ್ತೆಯವರು ಎನ್ನುತ್ತಾನೆ. ಉಗ್ರಾಣದಲ್ಲಿರುವುದು ಮನೆವಾರ್ತೆಯವನದಲ್ಲ, ಉಣ್ಣುವವರದು. ನಿನ್ನ ವರ ನಿನಗೆ ಕೊಟ್ಟದ್ದಾದರೂ ಯಾರಿಗೋ ಸೇರಬೇಕಾದದ್ದು. ಅವರು ಯಾರು ಎಂದು ಗೊತ್ತಾಗುವ ತನಕ ಅದಕ್ಕೆ ಹೆಸರೂ ಸಿಗುವುದಿಲ್ಲ. ಮತ್ತಾಯನ ಸುವಾರ್ತೆಯ ಎರಡು ಜಾಗ ಒಟ್ಟಿಗೆ ಓದಿದರೆ ನನಗೆ ಪ್ರತಿ ಸಲವೂ ಮೈ ನಡುಗುತ್ತದೆ. 7ನೇ ಅಧ್ಯಾಯದಲ್ಲಿ ಕೆಲವರು ಬಂದು, ನಿನ್ನ ಹೆಸರಿನಲ್ಲಿ ಪ್ರವಾದಿಸಿದೆವು, ದೆವ್ವ ಬಿಡಿಸಿದೆವು, ಮಹತ್ಕಾರ್ಯ ಮಾಡಿದೆವು ಎಂದು ಪಟ್ಟಿ ಒಪ್ಪಿಸುತ್ತಾರೆ. ನಿಮ್ಮ ಗುರುತೇ ನನಗಿಲ್ಲ ಎಂಬ ಉತ್ತರ ಬರುತ್ತದೆ. 25ರಲ್ಲಿ ಬರುವವರ ಹತ್ತಿರ ಪಟ್ಟಿಯೇ ಇಲ್ಲ. ಹಸಿದವನಿಗೆ ಕೊಟ್ಟದ್ದು, ಸೆರೆಯಲ್ಲಿದ್ದವನನ್ನು ನೋಡಹೋದದ್ದು ಅವರಿಗೆ ನೆನಪೂ ಇಲ್ಲ, ಯಾವಾಗ ಸ್ವಾಮೀ ಅಂತ ಅವರೇ ಕೇಳುತ್ತಾರೆ.

ಆಕೆ: ಅದು ಸರಿ. ಆದರೂ ಬಿಡಲ್ಲ ನಾನು. ನೆನಪಿಡದೆ ಸೇವೆ ಮಾಡಿ ಅಂತ ನಮಗೇ ಹೇಳಿಬಿಟ್ಟು, ಮಾಡಿಸಿಕೊಂಡವರೂ ಮರೆತರೆ? ಮಾಡಿದವರು ಮರೆಯಬೇಕು, ಸಭೆ ಮರೆಯಬಾರದು.

ಅಯ್ಯನವರು: ಸ್ತೆಫನನ ಮನೆಯವರು ಅಂತ ಕೊರಿಂಥದಲ್ಲಿ ಒಂದು ಕುಟುಂಬವಿತ್ತು. ನಾವು ಆಗ ಮಾತಾಡಿದ ಸ್ತೆಫನ ಬೇರೆ, ಇವನು ಬೇರೆ. ಪತ್ರಿಕೆ ಮುಗಿಸುವಾಗ ಪೌಲನು ಅವರ ಹೆಸರು ಹೇಳಿ, ದೇವಜನರ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡವರು ಎಂದು ಬರೆದು, ಇಂಥವರ ಮಾತಿಗೆ ಒಳಗಾಗಿ ಎಂದು ಸಭೆಗೆ ಹೇಳುತ್ತಾನೆ. ಇಡೀ ಪತ್ರಿಕೆಯಲ್ಲಿ ಹೆಸರು ಹಿಡಿದು ಇವರ ಮಾತು ಕೇಳಿ ಎಂದದ್ದು ವಾಣಿ ಬಂದವರ ಬಗ್ಗೆ ಅಲ್ಲ, ಇವರ ಬಗ್ಗೆ. ನೀನು ಕೇಳುತ್ತಿರುವುದೂ ಅದನ್ನೇ. ನಮ್ಮ ಕಮಿಟಿ ಆ ವಾಕ್ಯವನ್ನು ಓದಬೇಕು. ಈಗ ನಾನೊಂದು ಕೇಳಲೇ? ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗರನ್ನು ನೋಡಿದ್ದೀಯಲ್ಲ?

ಆಕೆ: ಜಾರ್ಖಂಡಿನವರು. ಹೊಸ ಬಡಾವಣೆಯ ಕಟ್ಟಡ ಕೆಲಸಕ್ಕೆ ಬಂದಿದ್ದಾರೆ. ನಾವು ಎದ್ದಾಗ ಏಳ್ತಾರೆ, ಕೂತಾಗ ಕೂರ್ತಾರೆ.

ಅಯ್ಯನವರು: ರಾಂಚಿಗೆ 1845ರಲ್ಲೇ ಗಾಸ್ನರ್ ಮಿಷನ್ ಬಂದಿತ್ತು. ಅವರ ಅಜ್ಜ ಮುತ್ತಜ್ಜಂದಿರ ಕಾಲದಿಂದ ಕ್ರೈಸ್ತರು. ಇಲ್ಲಿ ಒಂದು ವಾಕ್ಯವೂ ಅವರಿಗೆ ಅರ್ಥವಾಗುವುದಿಲ್ಲ. ಹೋದ ತಿಂಗಳು ಅವರಲ್ಲೊಬ್ಬ ಕೈ ಮುರಿದುಕೊಂಡ, ನಮಗೆ ಯಾರಿಗೂ ತಿಳಿಯಲೇ ಇಲ್ಲ. ನೀನು ಶಾಲೆಯಲ್ಲಿ ಹಿಂದಿ ಪಾಠ ಮಾಡುತ್ತೀ.

ಆಕೆ: ಪಕ್ಕದಲ್ಲಿ ಕೂತು ಅರ್ಥ ಹೇಳು ಅಂತೀರಾ?

ಅಯ್ಯನವರು: ಅದನ್ನು ವರ ಅಂತ ನಾನು ಕರೆಯಲು ಹೋಗುವುದಿಲ್ಲ. ಹೆಸರಿಟ್ಟು ನಿನ್ನನ್ನು ಅಲ್ಲಿ ಕೂರಿಸಿದೆ ಎಂದು ನೀನೇ ಹೇಳುತ್ತೀ. ಬೇಕಾಗಿದೆ, ಅಷ್ಟೇ.

ಆಕೆ: ಕೂರ್ತೀನಿ. ಕೂರೋದಷ್ಟೇ ಅಲ್ಲ, ಕೂಲಿ ಬಾಕಿ ಇದೆಯಾ, ಆಸ್ಪತ್ರೆ ಖರ್ಚು ಯಾರು ಕೊಟ್ಟರು ಅಂತಲೂ ಕೇಳ್ತೀನಿ. ಆದರೆ ನನ್ನವೂ ಎರಡು ಮಾತಿವೆ. ತಿಂಗಳಿಗೊಂದು ಭಾನುವಾರ ಹಿಂದಿಯಲ್ಲಿ ವಾಕ್ಯ ಓದಬೇಕು, ಅದನ್ನು ಆ ಹುಡುಗರೇ ಓದಬೇಕು, ಹಿಂದಿನ ಬೆಂಚಿನಿಂದಲ್ಲ, ಮುಂದೆ ಬಂದು ನಿಂತು. ಪ್ರಸಂಗ ಒಂದು ವಾರ ನಾನು ಮಾಡ್ತೀನಿ.

ಅಯ್ಯನವರು: ಇನ್ನೊಂದು?

ಆಕೆ: ಈ ಸಲ ಬೆಳೆ ಹಬ್ಬದ ಊಟಕ್ಕೆ ಕಮಿಟಿಯವರು ಬಡಿಸಬೇಕು. ಹಬ್ಬದ ಕಾಣಿಕೆಗಳ ಹರಾಜಿನ ದುಡ್ಡು ಎಲ್ಲಿಗೆ ಹೋಗಬೇಕು ಅನ್ನೋ ಮಾತುಕತೆಗೆ ಮಹಿಳಾ ಕೂಟದವರನ್ನು ಕರೆಯಬೇಕು.

ಅಯ್ಯನವರು: ಬಡಿಸಲು ಮೊದಲು ನಾನು ನಿಲ್ಲುತ್ತೇನೆ. ಹರಾಜಿನ ದುಡ್ಡಿನ ವಿಷಯಕ್ಕೆ ಖಜಾಂಚಿಯವರು ಒಪ್ಪುವುದು ಕಷ್ಟ. ನಿಯಮಾವಳಿ ತೆಗೆದು ತೋರಿಸುತ್ತಾರೆ.

ಆಕೆ: ಯಾವಾಗ ಕಮಿಟಿ?

ಅಯ್ಯನವರು: ಬರು‌ವ ಶನಿವಾರ ಸಂಜೆ ಐದಕ್ಕೆ.

ಆಕೆ: ನಾನೂ ಬರ್ತೀನಿ. ನಿಯಮಾವಳಿಯ ಪ್ರತಿ ಒಂದಿದ್ದರೆ ಈಗಲೇ ಕೊಡಿ, ಓದಿಕೊಂಡು ಬರ್ತೀನಿ.